ಸೀಮೆಎಣ್ಣೆ ಡಬ್ಬದಿಂದ ಶುರು ಮಾಡೋಣ

ಎಲ್ಲರಿಗೂ ನಮಸ್ಕಾರ. ಎಣ್ಣೆ ಬಗ್ಗೆ ಮಾತಾಡುತ್ತೇನೆ ಅಂದಾಗ ಮಾಟುಂಗ ಮಾರ್ಕೆಟಿನಲ್ಲಿ ಸಿಕ್ಕ ಗೆಳೆಯರೊಬ್ಬರು "ತೆಂಗಿನೆಣ್ಣೆಯೋ, ಎಳ್ಳೆಣ್ಣೆಯೋ?" ಅಂತ ಕೇಳಿದರು. ಎರಡೂ ಅಲ್ಲ, ಕಲ್ಲೆಣ್ಣೆ ಅಂದೆ. ಪೆಟ್ರೋಲಿಯಂ ಅಂದರೆ ಅದೇ ತಾನೆ.

ಈಚೆಗೆ ಅಸ್ಸಾಮಿನ ಡಿಗ್ಬಾಯ್‌ಗೆ ಹೋಗಿ ಅಲ್ಲಿನ ತೈಲ ಮ್ಯೂಸಿಯಂ ನೋಡಿ ಬಂದೆ. 1889ರಲ್ಲಿ ಬಾವಿ ಕೊರೆಯಲು ಶುರು ಮಾಡಿ, ಮರುವರ್ಷ 662 ಅಡಿ ಆಳಕ್ಕೆ ಮುಟ್ಟಿಸಿದ ಊರು ಅದು. 1901ರಲ್ಲಿ ರಿಫೈನರಿಯೂ ಬಂತು. ಆನೆ ಕಾಲಿಗೆ ಮೆತ್ತಿದ ಎಣ್ಣೆ ಕಂಡು ಸಾಹೇಬ "ಡಿಗ್ ಬಾಯ್" ಅಂತ ಕೂಗಿದ, ಅದೇ ಊರಿನ ಹೆಸರಾಯಿತು ಅನ್ನುತ್ತಾರೆ. ಕಥೆ ಚೆನ್ನಾಗಿದೆ. ನಾನಂತೂ ನಂಬಿಲ್ಲ.

ಇಂಥ ಮ್ಯೂಸಿಯಂ ಮುಂಬಯಿಯಲ್ಲಿ ಮಾಡಿ ಅಂತ ನನಗೆ ಹೇಳಿದರೆ ಬಾಗಿಲಲ್ಲಿ ಕೊರೆಯುವ ಯಂತ್ರ ಇಡುವುದಿಲ್ಲ. ಸೀಮೆಎಣ್ಣೆ ಡಬ್ಬ ಇಡುತ್ತೇನೆ. ಯಾಕೆ ಗೊತ್ತಾ? 1859ರಲ್ಲಿ ಅಮೆರಿಕದ ಡ್ರೇಕ್ ಅನ್ನುವವನು ಎಣ್ಣೆ ಬಾವಿ ಕೊರೆಸಿದ್ದು ಕಾರಿಗಾಗಿ ಅಲ್ಲ, ದೀಪಕ್ಕಾಗಿ. ಆಗ ಪೆಟ್ರೋಲ್ ಯಾರಿಗೂ ಬೇಡದ ಕಸ. ಎಷ್ಟೋ ಕಡೆ ಹೊಳೆಗೆ ಸುರಿಯುತ್ತಿದ್ದರು!

ಡಬ್ಬದ ಕಥೆ ಇನ್ನೂ ಸ್ವಾರಸ್ಯ. 1892ರಲ್ಲಿ ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ ಮ್ಯೂರೆಕ್ಸ್ ಅನ್ನುವ ಹಡಗಿನ ಹೊಟ್ಟೆ ತುಂಬ ರಷ್ಯದ ಸೀಮೆಎಣ್ಣೆ ತುಂಬಿಸಿ ಸೂಯೆಜ್ ಕಾಲುವೆ ದಾಟಿಸಿದ. ಡಬ್ಬದ ಖರ್ಚಿಲ್ಲ, ಆದ್ದರಿಂದ ಅಗ್ಗ. ಏಷ್ಯಾದ ಜನ ಪಾತ್ರೆ ತಂದು ತುಂಬಿಸಿಕೊಳ್ಳುತ್ತಾರೆ ಅಂತ ಅವನ ಲೆಕ್ಕ. ಅದು ತಲೆಕೆಳಗಾಯಿತು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ನೀಲಿ ಡಬ್ಬದಲ್ಲಿ ಮಾರುತ್ತಿತ್ತು. ಜನರಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕು. ಮಾಡು ಹೊದಿಸಲು, ಕೊಡಪಾನಕ್ಕೆ, ಏನೆಲ್ಲಕ್ಕೋ. ಕೊನೆಗೆ ಸ್ಯಾಮ್ಯುಯೆಲ್ಲನೂ ಕೆಂಪು ಡಬ್ಬ ಮಾಡಿಸಿದ. ಅವನ ಕಂಪನಿಯೇ ಮುಂದೆ ಶೆಲ್ ಆಯಿತು. ನಮ್ಮಮ್ಮನೂ ಹಾಗೇ. ಡಬ್ಬ ಖಾಲಿಯಾದರೆ ಅದರಲ್ಲೊಂದು ತುಳಸಿ ಗಿಡ.

ಒಳಗಿನ ಕೋಣೆಯಲ್ಲಿ ಬಾಂಬೆ ಹೈ ಅನ್ನುವ ತೈಲಕ್ಷೇತ್ರ. ಮುಂಬಯಿಯಿಂದ ಸುಮಾರು 160 ಕಿ.ಮೀ. ಪಶ್ಚಿಮಕ್ಕೆ, ಕಡಲೊಳಗೆ. 1974ರಲ್ಲಿ ಸಾಗರ್ ಸಮ್ರಾಟ್ ಅನ್ನುವ ಕೊರೆಯುವ ರಿಗ್ ಅಲ್ಲಿ ಎಣ್ಣೆ ಕಂಡಿತು, 1976ರಲ್ಲಿ ಉತ್ಪಾದನೆ ಶುರುವಾಯಿತು. ಕಡಲಡಿ ಎಣ್ಣೆಯ ಕೆರೆ ಇದೆ ಅಂತ ತುಂಬ ಜನ ತಿಳಿದಿದ್ದಾರೆ. ಇಲ್ಲ ಮಾರಾಯ್ರೇ. ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿ ನೆನಪಿಸಿಕೊಳ್ಳಿ. ಸುಣ್ಣಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಎಣ್ಣೆ ಕೂತಿರುತ್ತದೆ. ಮೇಲೆ ಸೋರದಂತೆ ಗಟ್ಟಿ ಜೇಡಿಕಲ್ಲಿನ ಮುಚ್ಚಳ. ಕೊರೆದರೆ ಒಳಗಿನ ಒತ್ತಡವೇ ಎಣ್ಣೆಯನ್ನು ಮೇಲೆ ತಳ್ಳುತ್ತದೆ. ಒತ್ತಡ ತಗ್ಗಿದ ಮೇಲೆ ನೀರು ನುಗ್ಗಿಸಿ ತಳ್ಳಬೇಕು. ಇಡ್ಲಿಯನ್ನು ಎಷ್ಟು ಹಿಂಡಿದರೂ ಸ್ವಲ್ಪ ಸಾಂಬಾರು ಒಳಗೇ ಉಳಿಯುತ್ತದೆ, ಅಲ್ವಾ? ಎಣ್ಣೆಯೂ ಹಾಗೇ. ಸ್ವಲ್ಪ ಅಲ್ಲ, ಜಾಸ್ತಿಯೇ ಉಳಿಯುತ್ತದೆ.

ರಿಫೈನರಿ ಕೋಣೆಗೆ ಮಾತ್ರ ನನ್ನದೇ ವಸ್ತು ಕೊಡುತ್ತೇನೆ. ಹದಿನಾಲ್ಕನೇ ವಯಸ್ಸಿಗೆ ಊರಿಂದ ಮುಂಬಯಿಗೆ ಬಂದು ಕೋಟೆ (ಫೋರ್ಟ್) ಪ್ರದೇಶದ ಒಂದು ಹೋಟೆಲಲ್ಲಿ ಕೆಲಸಕ್ಕೆ ಸೇರಿದೆ. ರಾತ್ರಿ ಶಾಲೆಗೆ ಹೋಗುವ ಮುಂಚೆ ಪಂಪ್ ಸ್ಟೌ ಹಚ್ಚುವುದು ನನ್ನ ಪಾಲಿನ ಕೆಲಸ. ಬರೀ ಕಡ್ಡಿ ಗೀರಿದರೆ ಅದು ಹತ್ತುವುದಿಲ್ಲ. ಮೊದಲು ಬಟ್ಟಲಲ್ಲಿ ಸ್ವಲ್ಪ ಎಣ್ಣೆ ಉರಿಸಿ ಕೊಳವೆ ಕಾಯಿಸಬೇಕು. ಆಮೇಲೆ ಪಂಪು ಹೊಡೆದರೆ ಎಣ್ಣೆ ಆ ಬಿಸಿಗೆ ಆವಿಯಾಗಿ ನೀಲಿ ಉರಿ ಬರುತ್ತದೆ. ಮುಂಬಯಿಯ ಮಾಹುಲ್‌ನ ರಿಫೈನರಿಗಳು, 1954–55ರಿಂದ ಇರುವಂಥವು, ಮೊದಲ ಹಂತದಲ್ಲಿ ಮಾಡುವುದೂ ಆವಿಯ ಕೆಲಸವೇ. ಕಚ್ಚಾ ಎಣ್ಣೆಯನ್ನು ಸುಮಾರು 350 ಡಿಗ್ರಿಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರವಾದ ಪೆಟ್ರೋಲ್ ಆವಿ ಮೇಲಕ್ಕೆ ಹೋಗುತ್ತದೆ, ಸೀಮೆಎಣ್ಣೆ ನಡುವೆ ದ್ರವವಾಗುತ್ತದೆ, ಡೀಸೆಲ್ ಅದಕ್ಕಿಂತ ಕೆಳಗೆ. ಡಾಂಬರು ತಳದಲ್ಲಿ.

ಆ ಸ್ಟೌ ಈಗಲೂ ನಮ್ಮ ಮನೆಯ ಅಟ್ಟದಲ್ಲಿದೆ. ತೂತು ಬಿಡಿಸುವ ಪಿನ್ ಮಾತ್ರ ಕಳೆದುಹೋಗಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಚಹಾದ ಹೊತ್ತಿಗೆ ನನಗೆ ತಿಳಿಸಿ.