ಉಳಿತಾಯ ಬಜೆಟ್ ಎಂಬ ಅಂಕಿಯ ಒಳಗೇನಿದೆ? ಸಣ್ಣ ಪಟ್ಟಣದ ಆಯವ್ಯಯ ಓದುವ, ಬರೆಯುವ ಬಗೆ

ಸದಸ್ಯರಿಗೆ, ಕಚೇರಿ ಸಿಬ್ಬಂದಿಗೆ, ಆಯವ್ಯಯ ಪೂರ್ವಭಾವಿ ಸಭೆಗೆ ತಪ್ಪದೆ ಬಂದು ಕೂರುವ ನಾಗರಿಕರಿಗೆ ನಮಸ್ಕಾರ.

ಫೆಬ್ರುವರಿ, ಮಾರ್ಚ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಅಚ್ಚಿನ ಸುದ್ದಿ: ಇಂಥ ಪುರಸಭೆಯಿಂದ ಇಷ್ಟು ಲಕ್ಷದ ಉಳಿತಾಯ ಬಜೆಟ್. ಅದೇ ಊರಿನಲ್ಲಿ ನೇರಪಾವತಿ (ಗುತ್ತಿಗೆದಾರರ ಮೂಲಕವಲ್ಲದೆ ಪುರಸಭೆಯೇ ನೇರವಾಗಿ ಸಂಬಳ ಕೊಡುವ) ಪೌರಕಾರ್ಮಿಕರಿಗೆ ಎರಡು ತಿಂಗಳ ಸಂಬಳ ಬಾಕಿ ಇರುತ್ತದೆ; ಸುಟ್ಟ ಮೋಟಾರು ರಿವೈಂಡಿಂಗ್‌ಗೆ ಹೋದದ್ದು ವಾಪಸ್ ಬಂದಿರುವುದಿಲ್ಲ. ಸುದ್ದಿಯೂ ಸುಳ್ಳಲ್ಲ, ಬಾಕಿಯೂ ಸುಳ್ಳಲ್ಲ. ಇವೆರಡೂ ಒಂದೇ ಪುಸ್ತಕದಲ್ಲಿ ಹೇಗೆ ಕೂಡಿಕೊಂಡಿರುತ್ತವೆ ಎಂಬುದೇ ಇವತ್ತಿನ ವಿಷಯ.

ಕಾನೂನಿನ ಭಾಗವನ್ನು ಬೇಗ ಮುಗಿಸುತ್ತೇನೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಮೂರೂ ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಅಡಿಯಲ್ಲಿ ಬರುತ್ತವೆ. ಸ್ಥೂಲವಾಗಿ 10 ಸಾವಿರದಿಂದ 20 ಸಾವಿರ ಜನರಿರುವ ಊರು ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರ ಜನರಿರುವುದು ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು, 12ನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ಪಟ್ಟಿ ಮಾಡಿತು. ಕೆಲಸಗಳ ಪಟ್ಟಿ ಬಂತು, ಹಣದ ಪಟ್ಟಿ ಅದರ ಜೊತೆಗೆ ಬರಲಿಲ್ಲ. ರಾಜ್ಯದಲ್ಲಿ 1979ರಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ರದ್ದಾದ ಮೇಲೆ ಊರು ತಾನೇ ಸಂಗ್ರಹಿಸುವ ದೊಡ್ಡ ಆದಾಯವೆಂದರೆ ಆಸ್ತಿ ತೆರಿಗೆಯೊಂದೇ. ಲೆಕ್ಕ ಬರೆಯುವ ಕ್ರಮಕ್ಕೆ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಿವೆ. ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದು ಪದ್ಧತಿ ಆಗಲೇ ಬಂದಿದೆ, ಆದರೆ ಆಯವ್ಯಯದ ಪುಸ್ತಕ ಮಾತ್ರ ಎಷ್ಟೋ ಕಡೆ ಇಂದಿಗೂ ‘ಹೋದ ವರ್ಷದ್ದು, ಅದರ ಮೇಲೆ ಶೇ 10’ ಎಂಬ ಸೂತ್ರದಲ್ಲೇ ತಯಾರಾಗುತ್ತದೆ.

ಪುಸ್ತಕ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಕೊನೆಯ ಪುಟದ ಉಳಿತಾಯವಲ್ಲ, ಮೊದಲ ಸಾಲಿನ ಆರಂಭಿಕ ಶಿಲ್ಕು, ಅಂದರೆ ವರ್ಷದ ಆರಂಭದಲ್ಲಿ ಕೈಯಲ್ಲಿರುವ ಹಣ. ಒಂದು ಪುರಸಭೆಯ ಎಲ್ಲ ಬ್ಯಾಂಕ್ ಖಾತೆಗಳಲ್ಲಿ ಸೇರಿ 3 ಕೋಟಿ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಅದನ್ನು ಬಿಡಿಸಿ ನೋಡಿದರೆ, ಖರ್ಚಾಗದ ಹಣಕಾಸು ಆಯೋಗದ ಅನುದಾನ 90 ಲಕ್ಷ, ರಾಜ್ಯದ ನಗರೋತ್ಥಾನ ಯೋಜನೆಯದು 80 ಲಕ್ಷ, ಗುತ್ತಿಗೆದಾರರ ಠೇವಣಿ 40 ಲಕ್ಷ, ಸರ್ಕಾರಕ್ಕೆ ಕಟ್ಟಬೇಕಾದ ಉಪಕರ 25 ಲಕ್ಷ, ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಿಟ್ಟ ಶೇ 24.10ರ ನಿಧಿಯಲ್ಲಿ ಉಳಿದದ್ದು 35 ಲಕ್ಷ. ಒಟ್ಟು 2 ಕೋಟಿ 70 ಲಕ್ಷ. ಮೋಟಾರು ರಿಪೇರಿಗೆ, ಡೀಸೆಲ್‌ಗೆ, ನೇರಪಾವತಿಯವರ ಸಂಬಳಕ್ಕೆ ಕೈ ಹಾಕಬಹುದಾದ್ದು 30 ಲಕ್ಷ ಮಾತ್ರ. ಉಳಿತಾಯ ಬಜೆಟ್ ಎಂಬ ಸುದ್ದಿ ಹುಟ್ಟುವುದು ಆ 3 ಕೋಟಿಯಿಂದ, ಊರು ನಡೆಯುವುದು ಈ 30 ಲಕ್ಷದಿಂದ. ಅನುದಾನ ಖರ್ಚಾಗದೆ ಬಿದ್ದಷ್ಟೂ ಉಳಿತಾಯ ಹೆಚ್ಚಾಗಿ ಕಾಣುತ್ತದೆ. ಟೆಂಡರ್ ಕರೆಯಲಾಗದ ಕಚೇರಿಗೆ ದೊಡ್ಡ ಉಳಿತಾಯ ಸಿಗುವುದು ಹೀಗೆ.

ಅದಕ್ಕೇ ಪುಸ್ತಕವನ್ನು ರಾಜಸ್ವ (ದಿನನಿತ್ಯದ ಆದಾಯ, ವೆಚ್ಚ), ಬಂಡವಾಳ (ಬಾಳುವ ಆಸ್ತಿಗೆ ಸಂಬಂಧಿಸಿದ್ದು), ಅಸಾಧಾರಣ ಎಂದು ಮೂರಾಗಿ ಮಾಡಿರುವುದು. ಅಸಾಧಾರಣ ಖಾತೆಯಲ್ಲಿ ಇರುವುದೆಲ್ಲ ಬೇರೆಯವರ ಹಣ. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3, ಒಟ್ಟು ಶೇ 24. ಮನೆಯವರು 10,000 ರೂಪಾಯಿ ತೆರಿಗೆಗೆ 2,400 ಸೇರಿಸಿ ಕಟ್ಟುತ್ತಾರೆ. ಆ 2,400 ನಮ್ಮದಲ್ಲ. ಗುತ್ತಿಗೆದಾರರ ಬಿಲ್ಲಿನಲ್ಲಿ ಹಿಡಿಯುವ ಕಾರ್ಮಿಕ ಕಲ್ಯಾಣ ಉಪಕರ ಶೇ 1, ಜಿಎಸ್‌ಟಿ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಶೇ 2, ಭದ್ರತಾ ಠೇವಣಿ ಇವೂ ಹಾಗೆಯೇ. ಕೈ ಬಿಗಿಯಾದ ತಿಂಗಳಲ್ಲಿ ಈ ಹಣದಿಂದ ಸಂಬಳ ಕೊಟ್ಟು ಬಿಡುವ ರೂಢಿ ಹಲವು ಕಡೆ ಇದೆ. ಠೇವಣಿ ವಾಪಸ್ ಕೇಳುವ ದಿನ ಬಂದಾಗ, ಉಪಕರ ಪಾವತಿಸಿಲ್ಲವೆಂದು ಆಡಿಟ್ ಆಕ್ಷೇಪಣೆ ಬಂದಾಗ ಅದು ಹೊರಬೀಳುತ್ತದೆ.

ಈಗ ಆಸ್ತಿ ತೆರಿಗೆ. ಅಂದಾಜು ಹುಟ್ಟಬೇಕಾದ್ದು ಡಿಸಿಬಿ ತಃಖ್ತೆಯಿಂದ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕದಿಂದ. ಚಾಲ್ತಿ ಬೇಡಿಕೆ 1 ಕೋಟಿ, ಹಳೆ ಬಾಕಿ 60 ಲಕ್ಷ ಇದ್ದ ಊರಿನಲ್ಲಿ ವರ್ಷಕ್ಕೆ 96 ಲಕ್ಷ ವಸೂಲಾಯಿತು ಎನ್ನೋಣ. ಸಭೆಯಲ್ಲಿ ‘ಶೇ 96 ವಸೂಲಿ’ ಎಂದು ಓದುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಆ 96ರಲ್ಲಿ 20 ಲಕ್ಷ ಹಳೆ ಬಾಕಿಯದಾದರೆ ಚಾಲ್ತಿಯದು 76 ಮಾತ್ರ. ಬಾಕಿಯಲ್ಲಿ 40 ಉಳಿಯಿತು, ಅದಕ್ಕೆ ಈ ವರ್ಷದ 24 ಸೇರಿತು. ವರ್ಷದ ಆರಂಭದಲ್ಲಿ 60 ಲಕ್ಷವಿದ್ದ ಬಾಕಿ ಕೊನೆಗೆ 64 ಲಕ್ಷವಾಗಿದೆ. ಒಟ್ಟು ಬೇಡಿಕೆಗೆ ಹೋಲಿಸಿದರೆ ವಸೂಲಿ ಶೇ 60. ಹಾಗಾಗಿ ಚಾಲ್ತಿಗೂ ಬಾಕಿಗೂ ಬೇರೆ ಬೇರೆ ಕಾಲಂ ಕೇಳಿ. ಬಾಕಿಯನ್ನು ವಯಸ್ಸಿನ ಪ್ರಕಾರ ಒಡೆಯಿರಿ: ಒಂದು ವರ್ಷದೊಳಗಿನದು, ಮೂರು ವರ್ಷದೊಳಗಿನದು, ಅದಕ್ಕೂ ಹಳೆಯದು. ಕೊನೆಯದರಲ್ಲಿ ಬಹುಪಾಲು ನ್ಯಾಯಾಲಯದಲ್ಲಿರುವ ಆಸ್ತಿ, ವಿಭಾಗವಾಗದ ಮನೆ, ಎರಡು ಸಲ ನಮೂದಾದ ಖಾತೆ, ಸರ್ಕಾರಿ ಕಟ್ಟಡ. ಅದನ್ನು ಮುಂದಿನ ವರ್ಷದ ಆದಾಯಕ್ಕೆ ಸೇರಿಸಿದರೆ ಕಾಗದ ತುಂಬುತ್ತದೆ ಅಷ್ಟೆ.

ತೆರಿಗೆ ಯಾವ ತಿಂಗಳಲ್ಲಿ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ದಂಡವಿಲ್ಲ, ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಹೀಗಾಗಿ ಮೊದಲ ಮೂರು ತಿಂಗಳು ಖಾತೆ ತುಂಬಿರುತ್ತದೆ. ಆಗ ಚರಂಡಿ, ಕಮಾನು, ಬಣ್ಣಕ್ಕೆಲ್ಲ ಆದೇಶ ಹೋಗುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಬರ. ಆಯವ್ಯಯದ ಜೊತೆ ಒಂದೇ ಹಾಳೆಯಲ್ಲಿ ತಿಂಗಳುವಾರು ಸ್ವೀಕೃತಿ, ಪಾವತಿ ಬರೆದಿಟ್ಟರೆ ಈ ಗೋಳು ಅರ್ಧ ತಪ್ಪುತ್ತದೆ. ನಿಯಮದ ನಮೂನೆಯಲ್ಲಿ ಅದಿಲ್ಲ ಎಂಬ ಕಾರಣಕ್ಕೆ ಯಾರೂ ಆ ಹಾಳೆ ಬರೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ. 2025ರಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೂ ಬಿ ಖಾತಾ ಕೊಡುವ ಅಭಿಯಾನ ಶುರುವಾಯಿತು. ಮೊದಲ ಸಲ ದುಪ್ಪಟ್ಟು ತೆರಿಗೆ, ಆಮೇಲೆ ಮಾಮೂಲು ತೆರಿಗೆ. ಇದರಿಂದ ಬಂದ ಹೆಚ್ಚುವರಿ ಹಣ ಒಂದೇ ಸಲದ್ದು. ಅದನ್ನು ನೋಡಿ ಮುಂದಿನ ವರ್ಷದ ಅಂದಾಜು ಏರಿಸಿದರೆ, ಅದರ ಮೇಲೆ ಹೊರಗುತ್ತಿಗೆ ಸಿಬ್ಬಂದಿ ತೆಗೆದುಕೊಂಡರೆ, ಎರಡನೇ ವರ್ಷ ಸಂಬಳಕ್ಕೆ ಪರದಾಟ ಖಚಿತ. ಕಟ್ಟಡ ಪರವಾನಗಿ, ಅಭಿವೃದ್ಧಿ ಶುಲ್ಕ, ರಸ್ತೆ ಅಗೆತ ಶುಲ್ಕಗಳೂ ಇದೇ ಜಾತಿಯವು. ಇವಕ್ಕೆ ಮೂರು ವರ್ಷದ ಸರಾಸರಿ ಹಿಡಿಯಿರಿ. ಮಳಿಗೆ ಬಾಡಿಗೆಗೆ ಮಾತ್ರ ಅಂದಾಜೇ ಬೇಡ: ಮಳಿಗೆ ಎಷ್ಟು, ಕರಾರು ಮುಗಿದದ್ದು ಎಷ್ಟು, ಹರಾಜಾಗದೆ ಹಳೆ ಬಾಡಿಗೆಯಲ್ಲೇ ಕೂತವರು ಎಷ್ಟು ಎಂದು ಒಂದೊಂದಾಗಿ ಎಣಿಸಬಹುದು. ಎಣಿಸುವುದಕ್ಕೆ ಯಾರಿಗೂ ಇಷ್ಟವಿರುವುದಿಲ್ಲ, ಅದು ಬೇರೆ ಮಾತು.

ಅನುದಾನಗಳಿಗೆ ಬರೋಣ. ರಾಜ್ಯ ಹಣಕಾಸು ಆಯೋಗದ ಹೆಸರಿನಲ್ಲಿ ಬರುವುದು ಒಂದೇ ಗಂಟಲ್ಲ: ವೇತನ ಅನುದಾನ, ವಿದ್ಯುತ್ ಅನುದಾನ, ಇಂಥದ್ದಕ್ಕೇ ಎಂಬ ಕಟ್ಟಿಲ್ಲದ ಮುಕ್ತನಿಧಿ. ಮೊದಲೆರಡು ನಮ್ಮ ಪುಸ್ತಕದಲ್ಲಿ ಬಂದ ಹಾಗೆಯೇ ಹೋಗಿಬಿಡುವಂಥವು. ಕೇಂದ್ರದ 15ನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಸಣ್ಣ ಊರುಗಳ ಅನುದಾನದ ಶೇ 60 ನಿರ್ಬಂಧಿತವಾಗಿತ್ತು, ಅಂದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಿತ್ತು. ಅದರಲ್ಲಿ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೆ. ಉಳಿದ ಶೇ 40 ಮುಕ್ತ, ಆದರೆ ಸಂಬಳಕ್ಕೂ ಕಚೇರಿ ವೆಚ್ಚಕ್ಕೂ ಮುಟ್ಟುವಂತಿರಲಿಲ್ಲ. ಆಡಿಟ್ ಆದ ಲೆಕ್ಕ ಅಂತರ್ಜಾಲದಲ್ಲಿ ಹಾಕಿರಬೇಕು, ಆಸ್ತಿ ತೆರಿಗೆ ರಾಜ್ಯದ ಆರ್ಥಿಕ ಬೆಳವಣಿಗೆಯ ದರಕ್ಕೆ ತಕ್ಕಂತೆ ಹೆಚ್ಚಿರಬೇಕು ಎಂಬ ಷರತ್ತುಗಳೂ ಇದ್ದವು. ಆಯೋಗ ಬದಲಾದಾಗ ಪ್ರಮಾಣ ಬದಲಾಗುತ್ತದೆ, ಲೆಕ್ಕ ಹಾಕುವ ಕ್ರಮ ಅದೇ.

ಆ ಶೇ 40ರ ಲೆಕ್ಕದಲ್ಲಿ 1 ಕೋಟಿ 15 ಲಕ್ಷ ಬಂದ ಪುರಸಭೆಗೆ ಮುಕ್ತ ಪಾಲು 46 ಲಕ್ಷ. 23 ವಾರ್ಡು, ತಲಾ 2 ಲಕ್ಷ ಎಂದು ಹಂಚುವುದು ಸಭೆಯಲ್ಲಿ ಜಗಳ ತಪ್ಪಿಸುವ ದಾರಿ. ಪರಿಣಾಮ, ಆ ದುಡ್ಡಿಗೆ ಆಗುವಷ್ಟು ಉದ್ದದ ಚರಂಡಿ ಪ್ರತಿ ವಾರ್ಡಿನಲ್ಲೂ ಆಗುತ್ತದೆ, ಯಾವುದೂ ರಾಜಕಾಲುವೆಗೆ ಮುಟ್ಟುವುದಿಲ್ಲ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸೊಳ್ಳೆ. ತಗ್ಗಿನ ಕಡೆಯಿಂದ ಶುರುಮಾಡಿ, ಮೂರು ವರ್ಷದ ಸರದಿ ಬರೆದು, ಈ ವರ್ಷ ಏಳೆಂಟು ವಾರ್ಡಿಗೆ ಮಾತ್ರ ಕೊಟ್ಟರೆ ಚರಂಡಿ ಚರಂಡಿಯಾಗುತ್ತದೆ. ಟೆಂಡರ್ ತಪ್ಪಿಸಲೆಂದು ಒಂದು ಕಾಮಗಾರಿಯನ್ನು ತುಂಡು ಮಾಡುವುದು ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಗೂ ವಿರುದ್ಧ ಎಂಬುದು ನೆನಪಿರಲಿ.

ಸ್ವಂತ ನಿಧಿಗೂ ಮುಕ್ತನಿಧಿಗೂ ಮೀಸಲುಗಳು ಅನ್ವಯಿಸುತ್ತವೆ: ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ 6.95, ಎರಡೂ ಸೇರಿ 24.10; ಇತರ ಬಡವರಿಗೆ 7.25, ಅಂಗವಿಕಲರಿಗೆ 5. ಪುಸ್ತಕದಲ್ಲಿ ಈ ಮೊತ್ತ ಸರಿಯಾಗಿಯೇ ಇರುತ್ತದೆ. ತಪ್ಪುವುದು ಖರ್ಚಿನಲ್ಲಿ. ಫಲಾನುಭವಿಗಳ ಪಟ್ಟಿ ಡಿಸೆಂಬರ್‌ವರೆಗೂ ಆಗಿರುವುದಿಲ್ಲ, ಮಾರ್ಚ್‌ನಲ್ಲಿ ಒಟ್ಟಿಗೆ ಏನಾದರೂ ಖರೀದಿ ಆಗುತ್ತದೆ, ಇಲ್ಲವೇ ಹಣ ಶಿಲ್ಕಿಗೆ ಸೇರಿ ‘ಉಳಿತಾಯ’ ಎನಿಸಿಕೊಳ್ಳುತ್ತದೆ. ಅರ್ಜಿ ಕರೆಯುವುದು ಜೂನ್‌ನಲ್ಲಿ, ಪಟ್ಟಿಗೆ ಮಂಜೂರಾತಿ ಆಗಸ್ಟ್‌ನಲ್ಲಿ ಎಂದು ಆಯವ್ಯಯದ ಟಿಪ್ಪಣಿಯಲ್ಲೇ ಬರೆಸಿ.

ವೆಚ್ಚದ ಕಡೆ ದೊಡ್ಡದಾಗಿದ್ದೂ ಕಡಿಮೆ ಚರ್ಚೆಯಾಗುವುದು ನೀರು ಎತ್ತುವ ವಿದ್ಯುತ್. 25 ಸಾವಿರ ಜನರಿಗೆ ತಲಾ 135 ಲೀಟರ್ ಎಂದರೆ ದಿನಕ್ಕೆ 33.75 ಲಕ್ಷ ಲೀಟರ್. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸೈದ್ಧಾಂತಿಕವಾಗಿ 0.27 ಯೂನಿಟ್ ಬೇಕು; ಪಂಪು, ಮೋಟಾರು ಸೇರಿ ದಕ್ಷತೆ ಶೇ 60 ಇದ್ದರೆ 0.45 ಯೂನಿಟ್. ವರ್ಷಕ್ಕೆ ಸುಮಾರು 5.6 ಲಕ್ಷ ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ 39 ಲಕ್ಷ. ಪಂಪಿನೊಳಗೆ ನೀರು ತಳ್ಳುವ ಇಂಪೆಲ್ಲರ್ ಸವೆದು, ಮೋಟಾರು ನಾಲ್ಕಾರು ಸಲ ರಿವೈಂಡ್ ಆಗಿ ದಕ್ಷತೆ 45ಕ್ಕೆ ಇಳಿದರೆ ಅದೇ ನೀರಿಗೆ 52 ಲಕ್ಷ. ಹೊಸ ಪಂಪ್‌ಸೆಟ್‌ಗೆ ದುಡ್ಡಿಲ್ಲ ಎನ್ನುವ ಊರು ವರ್ಷಕ್ಕೆ 13 ಲಕ್ಷ ಹೆಚ್ಚುವರಿ ಕರೆಂಟಿಗೆ ಕೊಡುತ್ತಿರುತ್ತದೆ. ಕಾಣದಿರುವುದು ಯಾಕೆಂದರೆ ಬಿಲ್ಲು ವಿದ್ಯುತ್ ಅನುದಾನದಲ್ಲಿ ಹೊಂದಾಣಿಕೆಯಾಗಿ ಹೋಗುತ್ತದೆ, ಯಾರೂ ಅದನ್ನು ಬಿಡಿಸಿ ಓದುವುದಿಲ್ಲ. ಓದಿದರೆ ಪವರ್ ಫ್ಯಾಕ್ಟರ್ ದಂಡ (ಕರೆಂಟನ್ನು ದಕ್ಷವಾಗಿ ಬಳಸದ್ದಕ್ಕೆ ಹಾಕುವುದು) ಸಿಗುತ್ತದೆ, ಬತ್ತಿಹೋದ ಕೊಳವೆಬಾವಿಯ ನಿಗದಿತ ಶುಲ್ಕ ಸಿಗುತ್ತದೆ, ಎಲ್‌ಇಡಿ ಹಾಕಿದ ಮೇಲೂ ಹಳೆ ಸೋಡಿಯಂ ದೀಪದ ಲೋಡ್‌ನಲ್ಲೇ ನಡೆಯುತ್ತಿರುವ ಬೀದಿದೀಪದ ಮೀಟರ್ ಸಿಗುತ್ತದೆ. ಪ್ರತಿ ಆರ್‌ಆರ್ ಸಂಖ್ಯೆಗೆ, ಅಂದರೆ ಪ್ರತಿ ವಿದ್ಯುತ್ ಸಂಪರ್ಕಕ್ಕೆ, ಒಂದು ಸಾಲು, ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ. ಇಷ್ಟು ಮಾಡಲು ಇಂಜಿನಿಯರೇ ಬೇಕಿಲ್ಲ.

ನೀರಿನ ಶುಲ್ಕ ಏರಿಸುವ ಮಾತು ಬಂದಾಗ ಸದಸ್ಯರು ಹಿಂಜರಿಯುವುದು ಸಹಜ. ದರ ಏರಿಸುವ ಮೊದಲು ಅನಧಿಕೃತ ನಲ್ಲಿಗಳನ್ನು ಸಕ್ರಮಗೊಳಿಸಿ. ಮನೆಗಳ ಸಂಖ್ಯೆ, ಆಸ್ತಿ ತೆರಿಗೆಯ ಖಾತೆಗಳ ಸಂಖ್ಯೆ, ನಲ್ಲಿ ಸಂಪರ್ಕಗಳ ಸಂಖ್ಯೆ ಮೂರನ್ನೂ ವಾರ್ಡುವಾರು ಪಕ್ಕಪಕ್ಕ ಇಟ್ಟರೆ ಎಲ್ಲಿ ಹುಡುಕಬೇಕೆಂದು ತಾನೇ ಗೊತ್ತಾಗುತ್ತದೆ.

ಕಸದ್ದು ಬೇರೆ ಬಗೆಯ ಬಲೆ. ಆಟೋ ಟಿಪ್ಪರ್, ಜೆಸಿಬಿ, ಬೇಲಿಂಗ್ ಯಂತ್ರ ಎಲ್ಲವೂ ಅನುದಾನದಲ್ಲಿ ಬರುತ್ತವೆ. ಚಾಲಕ, ಡೀಸೆಲ್, ಟೈರು, ವಿಮೆ, ಎಫ್‌ಸಿ (ವಾಹನದ ಅರ್ಹತಾ ಪತ್ರ) ಮಾತ್ರ ಬಹುಪಾಲು ಸ್ವಂತ ನಿಧಿಯ ತಲೆಗೆ. ಸಾವಿರ ಮನೆಗೆ ಒಂದು ಗಾಡಿಯಂತೆ 5,500 ಮನೆಯ ಊರಿಗೆ ಆರು ಬೇಕು. ಒಂದಕ್ಕೆ ವರ್ಷಕ್ಕೆ 5 ಲಕ್ಷ ಓಡಾಟದ ಖರ್ಚು ಎಂದರೂ 30 ಲಕ್ಷ. ನಮ್ಮ ಉದಾಹರಣೆಯ ಪುರಸಭೆಯ ಕೈಯಲ್ಲಿದ್ದ ಶಿಲ್ಕೇ ಅಷ್ಟು. ಆದ್ದರಿಂದ ಪ್ರತಿ ಬಂಡವಾಳ ಪ್ರಸ್ತಾವದ ಕೆಳಗೆ ಒಂದು ಸಾಲು ಕಡ್ಡಾಯ ಮಾಡಿ: ಇದು ಮುಗಿದ ಮೇಲೆ ವರ್ಷಕ್ಕೆ ಎಷ್ಟು ಖರ್ಚು ತರುತ್ತದೆ, ಅದು ಯಾವ ಲೆಕ್ಕಶೀರ್ಷಿಕೆಯಿಂದ? ಉದ್ಯಾನ, ಈಜುಕೊಳ, ಸಮುದಾಯ ಭವನ, ಮಲತ್ಯಾಜ್ಯ ಸಂಸ್ಕರಣಾ ಘಟಕ, ಯಾವುದೇ ಇರಲಿ. ಆ ಸಾಲಿಗೆ ಉತ್ತರವಿಲ್ಲದ ಪ್ರಸ್ತಾವ ವಾಪಸ್ ಹೋಗಲಿ.

ಇನ್ನು ಕೆಲಸದ ಕ್ಯಾಲೆಂಡರ್. ಅಕ್ಟೋಬರ್‌ನಲ್ಲಿ ಅರ್ಧ ವರ್ಷದ ವಾಸ್ತವ ಲೆಕ್ಕ ಮತ್ತು ಡಿಸಿಬಿ ತೆಗೆಸಿ. ನವೆಂಬರ್‌ನಲ್ಲಿ ಬ್ಯಾಂಕ್ ಸಮನ್ವಯ ಪಟ್ಟಿ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡಿದ್ದು), ಜೊತೆಗೆ ಶಿಲ್ಕನ್ನು ನಿಧಿವಾರು ಒಡೆದ ಹಾಳೆ. ಡಿಸೆಂಬರ್‌ನಲ್ಲಿ ವಾರ್ಡುಗಳ ಬೇಡಿಕೆ. ಜನವರಿಯಲ್ಲಿ ಸಾರ್ವಜನಿಕರ ಸಭೆ. ಅಲ್ಲಿಗೆ ಖಾಲಿ ಕಾಗದ ಒಯ್ದು ‘ಸಲಹೆ ಕೊಡಿ’ ಎಂದರೆ ಬರುವುದು ಬರೀ ಅರ್ಜಿಗಳು. ಮುಕ್ತವಾಗಿ ಖರ್ಚು ಮಾಡಬಹುದಾದ ಮೊತ್ತ ಇಷ್ಟು, ಅದಕ್ಕೆ ಈಗಾಗಲೇ ಬದ್ಧವಾದ ವೆಚ್ಚ ಇಷ್ಟು, ಉಳಿದದ್ದು ಇಷ್ಟು ಎಂದು ಫಲಕದ ಮೇಲೆ ಬರೆದು ಮಾತು ಶುರುಮಾಡಿ, ಚರ್ಚೆಯ ಧಾಟಿಯೇ ಬದಲಾಗುತ್ತದೆ. ಫೆಬ್ರುವರಿಯಲ್ಲಿ ಸ್ಥಾಯಿ ಸಮಿತಿ, ಮಾರ್ಚ್‌ನಲ್ಲಿ ಸಾಮಾನ್ಯ ಸಭೆ. ಸಭೆಗೆ ಬರುವ ಪುಸ್ತಕದಲ್ಲಿ ಪ್ರತಿ ಶೀರ್ಷಿಕೆಗೂ ನಾಲ್ಕು ಅಂಕಿಗಳಿರಲಿ: ಹೋದ ವರ್ಷದ ವಾಸ್ತವ, ಈ ವರ್ಷದ ಮೂಲ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ್ದು. ಮೊದಲನೆಯದಕ್ಕೂ ಕೊನೆಯದಕ್ಕೂ ಶೇ 20ಕ್ಕಿಂತ ಹೆಚ್ಚು ಅಂತರವಿದ್ದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬನ್ನಿ. ಮುಖ್ಯಾಧಿಕಾರಿಯವರಿಂದ, ಲೆಕ್ಕಾಧೀಕ್ಷಕರಿಂದ ಕಾರಣ ಕೇಳುವುದು ನಿಮ್ಮ ಹಕ್ಕು. ಪುಸ್ತಕ ಸಭೆಯ ದಿನವೇ ಕೈಗೆ ಬಂದರೆ, ಓದಲು ಸಮಯ ಬೇಕೆಂದು ಸಭೆ ಮುಂದೂಡಲು ಕೇಳಿ, ಆ ಕೋರಿಕೆಯನ್ನು ನಡಾವಳಿಯಲ್ಲಿ ಬರೆಸಿ.