ನಮ್ಮ ಡಿಎನ್‌ಎ ಒಳಗಿನ ಹಳೇ ವೈರಸ್‌ಗೂ ಮನೋರೋಗಕ್ಕೂ ಏನು ನಂಟು?

ನಮಸ್ಕಾರ. ನಮ್ಮ ಡಿಎನ್‌ಎಯಲ್ಲಿ ಸುಮಾರು ಶೇ. 8 ಭಾಗ ವೈರಸ್‌ಗಳದ್ದು. ಪ್ರೋಟೀನ್ ಮಾಡೋ ನಮ್ಮ ಸ್ವಂತ ಜೀನ್‌ಗಳ ಪಾಲು ಶೇ. 2 ಕೂಡ ಮುಟ್ಟಲ್ಲ. ಬಾಡಿಗೆದಾರನೇ ಜಾಸ್ತಿ ಜಾಗ ಹಿಡಿದಿದ್ದಾನೆ, ಅಲ್ವಾ?

ರೆಟ್ರೋವೈರಸ್‌ಗಳ ಚಾಳಿಯೇ ಹಾಗೆ. ತಮ್ಮ ಆರ್‌ಎನ್‌ಎಯನ್ನು (ಡಿಎನ್‌ಎಯಂಥದ್ದೇ ಇನ್ನೊಂದು ಅಣು) ಡಿಎನ್‌ಎ ಮಾಡಿಕೊಂಡು, ಹೊಕ್ಕ ಜೀವಕೋಶದ ಡಿಎನ್‌ಎಗೇ ಸೇರಿಸಿಬಿಡುತ್ತವೆ. ಎಚ್‌ಐವಿ ಮಾಡೋದೂ ಇದನ್ನೇ. ತುಂಬಾ ಹಿಂದೆ, ಮನುಷ್ಯ ಇನ್ನೂ ಮನುಷ್ಯನಾಗುವ ಮೊದಲೇ, ಇಂಥವು ನಮ್ಮ ಪೂರ್ವಜರ ಅಂಡಾಣು, ವೀರ್ಯಾಣುಗಳಿಗೆ ಹೊಕ್ಕವು. ಆಮೇಲೆ ಮಕ್ಕಳು, ಮೊಮ್ಮಕ್ಕಳು ಅಂತ ಇಳಿದು ಬಂದವು.

(ಪರದೆ ಮೇಲೆ: ಉದ್ದನೆಯ ಡಿಎನ್‌ಎ ಎಳೆ, ಅದರಲ್ಲೊಂದು ಕೆಂಪು ತುಂಡು)

ಈ ಕೆಂಪು ತುಂಡನ್ನು ಹತ್ತಿರದಿಂದ ನೋಡಿ. ನಡುವೆ ವೈರಸ್‌ನ ಜೀನ್‌ಗಳು, ಎರಡೂ ತುದಿಯಲ್ಲಿ ಒಂದೊಂದು ಸ್ವಿಚ್. ಹೆಚ್ಚಿನವುಗಳಲ್ಲಿ ನಡುವಿನದ್ದು ಯಾವಾಗಲೋ ಅಳಿದುಹೋಗಿದೆ. ಮನೆ ಬಿದ್ದಿದೆ, ಸ್ವಿಚ್ ಉಳಿದಿದೆ. ಕೆಲವು ಸ್ವಿಚ್‌ಗಳು ಪಕ್ಕದ ಜೀನ್‌ಗಳನ್ನೂ ಆನ್ ಮಾಡಬಲ್ಲವು. ಎಲ್ಲವೂ ಕೆಡುಕೇ ಅಂತಲ್ಲ. ಗರ್ಭದಲ್ಲಿ ಮಾಸು ಬೆಳೆಯೋಕೆ ಬೇಕಾದ ಸಿನ್ಸೈಟಿನ್-1 ಪ್ರೋಟೀನ್ ಬಂದದ್ದೂ ಇಂಥದ್ದೇ ಹಳೇ ವೈರಸ್‌ನಿಂದ.

ಇನ್ನು ಮನೋರೋಗದ ವಿಷಯ. 2001ರಲ್ಲಿ ಸ್ಕಿಜೋಫ್ರೇನಿಯಾ, ಅಂದ್ರೆ ಭ್ರಮೆ ಕಾಡುವ, ಇಲ್ಲದ ದನಿ ಕೇಳಿಸುವಂಥ ಕಾಯಿಲೆ, ಆಗಷ್ಟೇ ಶುರುವಾಗಿದ್ದ 35 ಜನರ ಮೆದುಳು-ಬೆನ್ನುಹುರಿ ದ್ರವ ಪರೀಕ್ಷಿಸಿದರು. 10 ಜನರಲ್ಲಿ ಇಂಥ ವೈರಸ್‌ಗಳ ಆರ್‌ಎನ್‌ಎ ಗುರುತು ಸಿಕ್ಕಿತು. ಅಂದ್ರೆ ಮಲಗಿದ್ದ ವೈರಸ್ ತುಂಡು ಎದ್ದು ಕೆಲಸ ಮಾಡುತ್ತಿರಬಹುದು. ಆಗಲೇ ಗೊಂದಲವೂ ಶುರುವಾಯಿತು. ವೈರಸ್ ಎದ್ದಿದ್ದಕ್ಕೆ ಕಾಯಿಲೆ ಬಂತಾ, ಕಾಯಿಲೆ ಬಂದಿದ್ದಕ್ಕೆ ವೈರಸ್ ಎದ್ದಿತಾ? ಮಾತ್ರೆಯ ಪ್ರಭಾವವೂ ಇರಬಹುದಲ್ಲ! ಮನಸ್ಸು ಅತಿ ಉತ್ಸಾಹ, ಅತಿ ಖಿನ್ನತೆಗಳ ನಡುವೆ ಓಲಾಡುವ ಬೈಪೋಲಾರ್ ಕಾಯಿಲೆಗೆ ಕೊಡುವ ವ್ಯಾಲ್‌ಪ್ರೋಯಿಕ್ ಆಸಿಡ್, ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳಲ್ಲಿ ಇವನ್ನು ಎಬ್ಬಿಸುತ್ತದೆ. ಫ್ಲೂ ವೈರಸ್ ಕೂಡ ಎಬ್ಬಿಸುತ್ತದೆ.

2024ರಲ್ಲಿ ಲಂಡನ್‌ನ ಕಿಂಗ್ಸ್ ಕಾಲೇಜಿನ ತಂಡ ಈ ಗಂಟನ್ನು ಬೇರೆ ಕಡೆಯಿಂದ ಬಿಡಿಸಲು ಹೋಯಿತು. ನನಗೆ ಇಷ್ಟವಾದ ಭಾಗ ಇದೇ. ಹುಟ್ಟುವಾಗಲೇ ಬಂದ ಡಿಎನ್‌ಎ ವ್ಯತ್ಯಾಸಗಳನ್ನು ಮಾತ್ರೆ ಬದಲಿಸಲ್ಲ, ಕಾಯಿಲೆಯೂ ಬದಲಿಸಲ್ಲ. ಹಾಗಾಗಿ ಅವರು ಅವನ್ನೇ ಹಿಡಿದುಕೊಂಡರು. ತೀರಿಕೊಂಡ ಸುಮಾರು 800 ಜನರ ಮೆದುಳಿನ ಮಾದರಿಗಳಲ್ಲಿ, ಯಾವ ವ್ಯತ್ಯಾಸ ಇದ್ದರೆ ಯಾವ ವೈರಸ್ ತುಂಡು ಎಷ್ಟು ಚುರುಕು ಅಂತ ಅಳೆದರು. ಅದನ್ನು ಮನೋರೋಗ ಇರುವ, ಇಲ್ಲದ ಸಾವಿರಾರು ಜನರ ಜೆನೆಟಿಕ್ ಮಾಹಿತಿಯ ಪಕ್ಕ ಇಟ್ಟು ನೋಡಿದರು. ಕೆಲವೇ ತುಂಡುಗಳು ಗಟ್ಟಿಯಾಗಿ ಉಳಿದವು. ಎರಡು ಸ್ಕಿಜೋಫ್ರೇನಿಯಾ ಜೊತೆ, ಒಂದು ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಎರಡರ ಜೊತೆ, ಒಂದು ಖಿನ್ನತೆ ಜೊತೆ.

‘ವೈರಸ್‌ನಿಂದ ಹುಚ್ಚು’ ಅಂತ ಸುಮ್ನೆ ಹೆಡ್‌ಲೈನ್ ಹಾಕೋರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇವು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಈ ತುಂಡುಗಳು ಅಪಾಯವನ್ನು ಒಂಚೂರು ಹೆಚ್ಚುಕಮ್ಮಿ ಮಾಡಬಹುದು, ಅಷ್ಟೇ. ಅವು ಮೆದುಳಿನ ಕೋಶದಲ್ಲಿ ನಿಜಕ್ಕೂ ಏನು ಮಾಡುತ್ತವೆ ಅಂತ ತಿಳಿಯೋಕೆ ಒಂದೊಂದನ್ನೇ ಆಫ್ ಮಾಡಿ ನೋಡಬೇಕು.