ಸುಶಿ ಅಂಗಡಿ ಹುಡುಕುವವರಿಗೆ: ಮೊದಲು ಅನ್ನ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಸುಶಿ ಅಂದರೆ ವಿನೆಗರ್ ಹಾಕಿದ ಅನ್ನದ ಜೊತೆ ಹೆಚ್ಚಾಗಿ ಮೀನು ಇಟ್ಟು ಕೊಡುವ ಜಪಾನಿನ ತಿನಿಸು. ನಿಮ್ಮ ಸುತ್ತಮುತ್ತ ಒಳ್ಳೆಯ ಸುಶಿ ಎಲ್ಲಿ ಸಿಗುತ್ತದೆ ಅಂತ ಹುಡುಕುವುದು ಹೇಗೆ? ಈ ಮಾತು ಬಂದರೆ ಸಾಕು, ಎಲ್ಲರೂ ಮೀನು ತಾಜಾ ಇದೆಯಾ ಅಂತಲೇ ಶುರು ಮಾಡುತ್ತಾರೆ. ಮೀನು ಆಮೇಲೆ. ಮೊದಲು ಅನ್ನ ನೋಡಿ.

ಒಳ್ಳೆಯ ಮೀನನ್ನು ದುಡ್ಡಿದ್ದವರು ಯಾರು ಬೇಕಾದರೂ ತರಿಸಬಹುದು. ಅನ್ನ ಹಾಗಲ್ಲ, ದಿನಾ ಅಂಗಡಿಯಲ್ಲೇ ಆಗಬೇಕು. ಗಿಡ್ಡ ಕಾಳಿನ ಅಕ್ಕಿ, ಅದಕ್ಕೆ ವಿನೆಗರ್, ಉಪ್ಪು, ಹೆಚ್ಚಿನ ಕಡೆ ಸ್ವಲ್ಪ ಸಕ್ಕರೆ. ಬಾಯಿಗಿಟ್ಟರೆ ಮೈಬಿಸಿಯಷ್ಟು ಬೆಚ್ಚಗಿರಬೇಕು. ಫ್ರಿಜ್ಜಿನಲ್ಲಿಟ್ಟರೆ ಕಾಳು ಬಿರುಸಾಗುತ್ತದೆ, ಅದನ್ನು ಯಾವ ಮೀನೂ ಉಳಿಸಲ್ಲ.

ಈ ಕತೆಯನ್ನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲೂ ಹೇಳಿಬಿಡುತ್ತೇನೆ. ಒಂದು ಸಣ್ಣ ಸುಶಿ ಅಂಗಡಿ, ವಯಸ್ಸಾದ ಬಾಣಸಿಗರು, ನನ್ನ ಪಕ್ಕದಲ್ಲಿ ಕೈಯಲ್ಲಿ ಫೋನ್ ಹಿಡಿದು ಕೂತ ಒಬ್ಬ ಹುಡುಗ. ಕೂತ ಕೂಡಲೇ ಕೊಬ್ಬಿರುವ ಟ್ಯೂನಾ ಬೇಕು ಅಂದ. ಬಾಣಸಿಗರು "ಸ್ವಲ್ಪ ತಡೀರಿ, ಅನ್ನ ಆಗಿಲ್ಲ" ಅಂದರು. ಮೀನು ಕಣ್ಣೆದುರಿಗೇ ಗಾಜಿನ ಪೆಟ್ಟಿಗೆಯಲ್ಲಿತ್ತು! ಹುಡುಗನಿಗೆ ರೇಗಿತು. ಅವರು ತಲೆಯೇ ಎತ್ತಲಿಲ್ಲ, ಅಗಲವಾದ ಮರದ ಪಾತ್ರೆಯಲ್ಲಿ ಬಿಸಿ ಅನ್ನಕ್ಕೆ ವಿನೆಗರ್ ಸುರಿದು, ಕಾಳು ಮುರಿಯದ ಹಾಗೆ ಸೌಟಿನಿಂದ ಬಿಡಿಸುತ್ತಾ ಹೋದರು, ಸಹಾಯಕ ಬೀಸಣಿಗೆ ಬೀಸುತ್ತಿದ್ದ. ಆಮೇಲೆ ಕೈಬೆರಳಿಂದ ಬಿಸಿ ನೋಡಿದರು. ಇನ್ನೂ ಆಗಿಲ್ಲ. ಮತ್ತೆ ಬೀಸಣಿಗೆ. ಕೊನೆಗೆ ಟ್ಯೂನಾ ಬಂತು, ಹುಡುಗ ಫೋಟೋ ತೆಗೆಯುವುದನ್ನೇ ಮರೆತು ತಿಂದ. "ಈ ಮೀನು ಎಲ್ಲಿಂದ ತರಿಸ್ತೀರಿ?" ಅಂತ ಕೇಳಿದ. ಅವರು ನಕ್ಕು, "ಪಕ್ಕದ ಅಂಗಡಿಗೆ ಬರೋ ಲಾರಿಯಲ್ಲೇ ಬರುತ್ತೆ" ಅಂದರು.

ನೋಡಿದಿರಾ?

ಇವತ್ತು ನಾವು ತಿನ್ನುವ, ಅನ್ನದ ಸಣ್ಣ ಉಂಡೆಯ ಮೇಲೆ ಮೀನಿಟ್ಟು ಕೈಯಲ್ಲಿ ಒತ್ತಿ ಮಾಡುವ ನಿಗಿರಿ ಸುಶಿ 1820ರ ದಶಕದ ಹೊತ್ತಿಗೆ ಎದೋದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಜನಪ್ರಿಯವಾಯಿತು. ಹನಾಯಾ ಯೋಹೆಯ್ ಎಂಬ ಬಾಣಸಿಗರ ಹೆಸರನ್ನು ಅದರ ಜೊತೆ ಹೇಳುತ್ತಾರೆ. ಆಗ ಫ್ರಿಜ್ ಎಲ್ಲಿತ್ತು? ಮೀನನ್ನು ಸೋಯಾ ಸಾಸಿನಲ್ಲೋ ವಿನೆಗರಿನಲ್ಲೋ ನೆನೆಸಿ ಬಳಸುತ್ತಿದ್ದರು. ಹಸಿ ಮೀನಿನ ಗೀಳೆಲ್ಲ ಆಮೇಲಿನದು, ಅನ್ನ ಮಾತ್ರ ಮೊದಲಿನಿಂದಲೂ ಇದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬೆಲ್ಟಿನ ಮೇಲೆ ತಟ್ಟೆ ಓಡುವ ಅಂಗಡಿಗಳು 1958ರಲ್ಲಿ ಒಸಾಕಾ ಕಡೆ ಶುರುವಾದವು, ಅವು ಕೆಟ್ಟವೇನಲ್ಲ, ಆದರೆ ಸುತ್ತುತ್ತಿರುವುದನ್ನು ಎತ್ತಿಕೊಳ್ಳಬೇಡಿ, ಹೊಸದಾಗಿ ಮಾಡಿಸಿಕೊಳ್ಳಿ, ಯಾಕೆಂದರೆ ಅನ್ನ ಒಣಗಿರುತ್ತದೆ. ಫ್ರೀಜ್ ಮಾಡಿದ ಮೀನು ಅಂದ ಕೂಡಲೇ ಮೂಗು ಮುರಿಯಬೇಡಿ. ಹಸಿ ಮೀನಿನ ಹುಳು ಸಾಯಲಿ ಅಂತ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು ಎನ್ನುವುದು ಅಮೆರಿಕದ ಆಹಾರ ಇಲಾಖೆಯ ಸಲಹೆ. ಸುಶಿ ಜೊತೆ ಕೊಡುವ ಖಾರದ ಹಸಿರು ವಾಸಾಬಿ ಹೆಚ್ಚಿನ ಕಡೆ ಹಾರ್ಸ್‌ರ‍್ಯಾಡಿಶ್ ಬೇರಿಗೆ ಬಣ್ಣ ಹಾಕಿದ್ದು, ಅದರಿಂದ ಅಂಗಡಿಯನ್ನು ಅಳೆಯಬೇಡಿ. ಗರ್ಭಿಣಿಯರು ಹಸಿ ಮೀನು ಬಿಡಿ, ಬೇಯಿಸಿದ್ದೇ ತಿನ್ನಿ.

ಮೊದಲ ಸಲ ಹೋದಾಗ ಮೇಯನೇಸ್ ಸುರಿದ ದೊಡ್ಡ ರೋಲ್ ತರಿಸಬೇಡಿ, ಅದರಡಿ ಏನು ಬೇಕಾದರೂ ಮುಚ್ಚಿಹೋಗುತ್ತದೆ. ಒಂದು ಪ್ಲೇಟ್ ನಿಗಿರಿ ಸಾಕು. ಅನ್ನ ಕೈಯಲ್ಲಿ ಹಿಡಿದಾಗ ಉದುರಬಾರದು, ಬಾಯಲ್ಲಿ ಬಿಡಿಬಿಡಿಯಾಗಬೇಕು. ತಣ್ಣಗೆ ಮುದ್ದೆಯಾಗಿದ್ದರೆ ಸುಮ್ನೆ ಬಿಲ್ ಕೊಟ್ಟು ಎದ್ದುಬನ್ನಿ. ನಮಸ್ಕಾರ.